ಮದುವೆ ಮಾಡಿದರೆ ಸರಿಹೋಗ್ತಾನಾ? ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಬಗ್ಗೆ ನಮ್ಮೂರ ಕಡೆಯ ಒಂದು ಮಾತುಕತೆ

ಈ ವಾರದ ಎಪಿಸೋಡ್ ಶುರುವಾಗಿದ್ದು ಕಂಪ್ಲಿ ಕಡೆಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ನೋಟ್‌ನಿಂದ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೀನಿ. ಮಾತು ಅವರದ್ದೇ:

"ಅಣ್ಣಾ, ನನ್ನ ತಮ್ಮಗ 23 ವರ್ಷ. ಮಾತು ಬಾಳ ಕಡಿಮಿ. ಹೊಸಪೇಟಿ ಬಸ್ಸು ಎಷ್ಟೊತ್ತಿಗೆ, ಗಂಗಾವತಿ ಬಸ್ಸು ಎಷ್ಟೊತ್ತಿಗೆ ಎಲ್ಲಾ ಬಾಯಿಪಾಠ. ಆದ್ರ ಮನಿಗೆ ನೆಂಟರು ಬಂದ್ರ ಹಿತ್ತಲಕ್ಕ ಹೋಗಿ ನಿಂತ್ಕೊಂತಾನ. ಊರಾಗ ಎಲ್ಲಾರೂ ಮದುವಿ ಮಾಡ್ರಿ, ಸರಿಹೋಗ್ತಾನ ಅಂತಾರ. ಅಪ್ಪ ಹುಡುಗಿ ನೋಡಾಕ ಹೊಂಟಾನ. ನಾನು ಏನ್ ಹೇಳ್ಲಿ?"

ಮೊದಲೇ ಹೇಳಿಬಿಡ್ತೀನಿ. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಒಂದು ನಿಮಿಷದ ವಾಯ್ಸ್ ನೋಟ್ ಕೇಳಿ ಆ ಹುಡುಗನಿಗೆ ಏನಿದೆ ಅಂತ ಹೇಳೋಕೆ ಡಾಕ್ಟರಿಗೂ ಆಗಲ್ಲ. ಆದರೆ ಆ ಪ್ರಶ್ನೆಯ ಸುತ್ತ ಇರೋ ವಿಷಯಗಳನ್ನು ಒಂದೊಂದಾಗಿ ಬಿಡಿಸಬಹುದು.

ಮೊದಲು ಪದ. ನ್ಯೂರೋಡೈವರ್ಜೆಂಟ್ ಅಂದರೆ ಮೆದುಳು ಕೆಲಸ ಮಾಡುವ ರೀತಿ ಹೆಚ್ಚಿನ ಜನರಿಗಿಂತ ಬೇರೆಯಾಗಿರೋರು. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಎಲ್ಲ ಈ ಕೊಡೆಯ ಕೆಳಗೆ ಬರುತ್ತವೆ. ಇದು ಆಸ್ಪತ್ರೆಯಲ್ಲಿ ಹುಟ್ಟಿದ ಪದ ಅಲ್ಲ. 1990ರ ದಶಕದ ಕೊನೆ, 2000ದ ಆಸುಪಾಸಿನಲ್ಲಿ, ಈ ರೀತಿಯ ಬದುಕು ಬದುಕುತ್ತಿದ್ದವರೇ 'ನಾವು ಕೆಟ್ಟುಹೋದ ಮಾಲಲ್ಲ, ಬೇರೆ ಥರದವರು' ಅಂತ ಹೇಳೋಕೆ ಹುಡುಕಿಕೊಂಡ ಭಾಷೆ. ಕನ್ನಡದ ಸರ್ಕಾರಿ ಕಾಗದಗಳಲ್ಲಿ ಆಟಿಸಂಗೆ 'ಸ್ವಲೀನತೆ' ಅಂತ ಬರೀತಾರೆ, ಅಂದರೆ ತನ್ನಲ್ಲೇ ಮುಳುಗಿರೋದು. ನನಗೆ ಈ ಪದದ ಮೇಲೆ ಸ್ವಲ್ಪ ತಕರಾರಿದೆ. ಎಷ್ಟೋ ಆಟಿಸ್ಟಿಕ್ ವ್ಯಕ್ತಿಗಳ ಕಷ್ಟ ಹೊರಗಿನ ಪ್ರಪಂಚ ಒಳಗೆ ಬರದೇ ಇರೋದಲ್ಲ. ಅದು ವಿಪರೀತವಾಗಿ ಒಳಗೆ ನುಗ್ಗೋದು.

ಇದು ನನಗೆ ಅರ್ಥ ಆಗಿದ್ದು ಮೈಕ್‌ನಿಂದ. ನಾನು ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡ್ತೀನಿ. ಹೊಸಪೇಟೆ ಬೇಸಿಗೆಯಲ್ಲಿ ಇದು ಸಣ್ಣ ತ್ಯಾಗ ಅಲ್ಲ. ಯಾಕಂದರೆ ನನ್ನ ಕಿವಿಗೆ ಫ್ಯಾನ್ ಸದ್ದು ಕೇಳಿಸೋದೇ ಇಲ್ಲ, ಮೈಕ್‌ಗೆ ಕೇಳಿಸುತ್ತೆ. ಫ್ರಿಜ್ ಗುಂಯ್ ಅನ್ನೋದು, ಪಕ್ಕದ ಮನೆ ಮಿಕ್ಸಿ, ರಸ್ತೆಯಲ್ಲಿ ಹೋಗೋ ಲಾರಿಯ ಹಾರ್ನ್, ಎಲ್ಲವೂ ನನ್ನ ಮಾತಿನಷ್ಟೇ ಜೋರಾಗಿ ರೆಕಾರ್ಡ್ ಆಗಿಬಿಡುತ್ತೆ. ನಮ್ಮಲ್ಲಿ ಹೆಚ್ಚಿನವರ ಮೆದುಳು ಬೇಡದ ಸದ್ದನ್ನು ತಾನೇ ಎಡಿಟ್ ಮಾಡಿ ಬಿಸಾಕುತ್ತೆ. ಕೆಲವರ ಮೆದುಳಿನಲ್ಲಿ ಆ ಎಡಿಟಿಂಗ್ ಬೇರೆ ಥರ ನಡೆಯುತ್ತೆ. ಅವರಿಗೆ ಎಲ್ಲವೂ ಕಚ್ಚಾ ಆಡಿಯೋ. ಸದ್ದು ಮಾತ್ರ ಅಲ್ಲ, ಟ್ಯೂಬ್‌ಲೈಟಿನ ಮಿಣುಕು, ಹೊಸ ಅಂಗಿಯ ಕಾಲರಿನ ಲೇಬಲ್, ಅನ್ನದ ಮಧ್ಯೆ ಸಿಕ್ಕ ಸಾಸಿವೆ ಕೂಡ.

ಈಗ ಇದನ್ನ ನಮ್ಮೂರಿಗೆ ಹಾಕಿ ನೋಡಿ. ಗಣಪತಿ ಮೆರವಣಿಗೆಯ ಡಿಜೆ. ಅಲಾಯಿ ಹಬ್ಬದ ಹಲಗೆ. ಹಂಪಿ ಉತ್ಸವದ ಸ್ಪೀಕರ್, ಲೈಟು, ಆ ಜನ. ಸಂಡೂರು ರಸ್ತೆಯ ಅದಿರು ಲಾರಿಗಳ ಸಾಲು. ಐದು ವರ್ಷದ ಮಗು ಅಲ್ಲಿ ಕಿವಿ ಮುಚ್ಚಿಕೊಂಡು, ನೆಲಕ್ಕೆ ಬಿದ್ದು, ತಲೆ ಬಡಿದುಕೊಂಡು ಅಳುತ್ತೆ ಅಂದರೆ ನಾವು ಏನಂತೀವಿ? 'ಹಟಮಾರಿ. ಎರಡು ಬಿಟ್ರೆ ಸುಮ್ನಾಗ್ತಾನೆ.' ಹಟಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಹಟ ಮಾಡೋ ಮಗು ಮಧ್ಯೆ ಮಧ್ಯೆ ನಿಮ್ಮ ಮುಖ ನೋಡುತ್ತೆ, ಕೇಳಿದ್ದು ಕೊಟ್ಟರೆ ನಿಲ್ಲಿಸುತ್ತೆ. ಇದು ಹಾಗಲ್ಲ, ಐಸ್‌ಕ್ರೀಂ ಕೊಟ್ಟರೂ ನಿಲ್ಲಲ್ಲ. ಕರೆಂಟ್ ಓವರ್‌ಲೋಡ್ ಆಗಿ ಫ್ಯೂಸ್ ಹೋದ ಹಾಗೆ. ಆಗ ಬೇಕಿರೋದು ಏಟಲ್ಲ, ಲೋಡ್ ಕಡಿಮೆ ಮಾಡೋದು. ಸದ್ದಿಲ್ಲದ ಮೂಲೆಗೆ ಕರ್ಕೊಂಡು ಹೋಗೋದು, ಮಾತು ಕಡಿಮೆ ಮಾಡೋದು, ಸುತ್ತ ನಿಂತ ಜನರನ್ನು ಆಚೆ ಕಳಿಸೋದು. ಕೊನೆಯದ್ದು ನಮ್ಮ ಕಡೆ ಸಾಹಸದ ಕೆಲಸ, ಗೊತ್ತು.

ಸದ್ದು ಒಂದೇ ಆಟಿಸಂ ಅಲ್ಲ. ಜನರ ಜೊತೆ ಬೆರೆಯೋ, ಮಾತು-ಸನ್ನೆ ಬಳಸೋ ರೀತಿ ಬೇರೆ ಇರುತ್ತೆ. ಒಂದೇ ಕ್ರಮ, ಒಂದೇ ದಾರಿ, ಒಂದೇ ವಿಷಯದ ಮೇಲೆ ಗಾಢವಾದ ಆಸಕ್ತಿ ಇರುತ್ತೆ. ಕೆಲವರಿಗೆ ಮಾತೇ ಬರದೇ ಇರಬಹುದು, ಕೆಲವರು ಎಂಜಿನಿಯರ್ ಆಗಿರಬಹುದು. ಸಿನಿಮಾದಲ್ಲಿ ತೋರಿಸೋ ಹಾಗೆ ಎಲ್ಲರೂ ಲೆಕ್ಕದಲ್ಲಿ ಜೀನಿಯಸ್ ಅಂತ ಏನಿಲ್ಲ. ಹೆಣ್ಣುಮಕ್ಕಳಲ್ಲಿ ಇದು ಕಣ್ಣಿಗೆ ಬೀಳೋದೇ ಕಡಿಮೆ. ಬೇರೆಯವರನ್ನು ನೋಡಿ ನಕಲು ಮಾಡಿ ಮುಚ್ಚಿಟ್ಟುಕೊಳ್ಳೋದನ್ನ ಅವರು ಬೇಗ ಕಲಿತಿರ್ತಾರೆ. 'ಹುಡುಗಿ ಬಾಳ ಮೆತ್ತಗ' ಅಂತ ನಾವು ಹೊಗಳಿ ಸುಮ್ಮನಾಗ್ತೀವಿ.

ಮಗು ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸದಿದ್ದರೆ, 16 ತಿಂಗಳಾದರೂ ಒಂದು ಪದ ಬರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಸೇರಿಸದಿದ್ದರೆ ಅಥವಾ ಬಂದಿದ್ದ ಮಾತು ನಿಂತುಹೋದರೆ ಡಾಕ್ಟರಿಗೆ ತೋರಿಸಲೇಬೇಕು. 'ಅವರಪ್ಪನೂ ಲೇಟಾಗೇ ಮಾತಾಡಿದ್ದು' ಅಂತ ಕಾಯಬೇಡಿ. ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂತಾದರೆ ನಷ್ಟ ಒಂದು ದಿನದ ಕೂಲಿ. ಕಾದು ಕೂತು ಇದೆ ಅಂತಾದರೆ ಮಗು ಬೇಗ ಕಲಿಯುವ ವರ್ಷಗಳೇ ಹೋಗಿರುತ್ತವೆ.

ನಮ್ಮ ಕಡೆ ಇನ್ನೊಂದು ಗೊಂದಲ ಇದೆ, ಭಾಷೆ. ಕಂಪ್ಲಿ ಸುತ್ತಲಿನ ಕ್ಯಾಂಪುಗಳಲ್ಲಿ ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಸಂಡೂರಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. 'ಮೂರು ಭಾಷೆ ಕೇಳಿ ಮಗುಗೆ ಗಲಿಬಿಲಿ, ಅದಕ್ಕೇ ಮಾತು ಬಂದಿಲ್ಲ' ಅಂತ ಮನೆಯವರು ಸಮಾಧಾನ ಮಾಡಿಕೊಳ್ತಾರೆ. ಹಲವು ಭಾಷೆ ಕೇಳಿದರೆ ಆಟಿಸಂ ಬರಲ್ಲ, ಮಾತೂ ನಿಲ್ಲಲ್ಲ. ಇದರ ಉಲ್ಟಾ ಕೂಡ ನಡೆಯುತ್ತೆ. ಮನೆಯಲ್ಲಿ ಲಂಬಾಣಿಯಲ್ಲಿ ಪಟಪಟ ಮಾತಾಡೋ ಮಗು ಒಂದನೇ ತರಗತಿಯಲ್ಲಿ ಕನ್ನಡ ಬರದೆ ಸುಮ್ಮನೆ ಕೂತರೆ, ಬುದ್ಧಿ ಕಡಿಮೆ ಅಂತ ಮೇಷ್ಟ್ರು ಬರೆದುಬಿಡಬಹುದು. ಡಾಕ್ಟರ್ ಹತ್ತಿರ ಹೋದಾಗ ಮಗು ಮನೆಮಾತಿನಲ್ಲಿ ಎಷ್ಟು ಮಾತಾಡುತ್ತೆ ಅನ್ನೋದನ್ನ ನೀವೇ ಮೊದಲು ಹೇಳಿ.

ಎಡಿಎಚ್‌ಡಿ ಬಗ್ಗೆ ರೀಲ್ಸ್‌ನಲ್ಲಿ ನೀವು ಬೇಕಾದಷ್ಟು ನೋಡಿರ್ತೀರಿ, ಅದಕ್ಕೇ ಚುಟುಕಾಗಿ ಹೇಳ್ತೀನಿ. ಗಮನವೇ ಇಲ್ಲದಿರೋದಲ್ಲ, ಗಮನದ ಲಗಾಮು ಕೈಗೆ ಸಿಗದಿರೋದು. ಇಷ್ಟದ ಕೆಲಸದಲ್ಲಿ ಊಟ ಮರೆಯೋರು, ಕರೆಂಟ್ ಬಿಲ್ ಕಟ್ಟೋದನ್ನ ಮೂರು ತಿಂಗಳು ಮುಂದೂಡ್ತಾರೆ. ಮಕ್ಕಳಲ್ಲಿ ಶುರುವಾಗಿ ಎಷ್ಟೋ ಜನರಿಗೆ ದೊಡ್ಡವರಾದ ಮೇಲೂ ಉಳಿಯುತ್ತೆ. ಔಷಧಿ ಇದೆ, ಕೆಲಸವೂ ಮಾಡುತ್ತೆ, ಆದರೆ ಮನೋವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ. ಎರಡು ರೀಲ್ ನೋಡಿ ನಿಮಗೇ ಎಡಿಎಚ್‌ಡಿ ಅಂತ ಅನ್ನಿಸಿದ್ದರೆ, ಆ ಅನುಮಾನವನ್ನ ಡಾಕ್ಟರ್ ಹತ್ತಿರ ತಗೊಂಡು ಹೋಗಿ. ಬಯೋದಲ್ಲಿ ಬರ್ಕೊಳ್ಳೋದು ಆಮೇಲೆ.

ಡಿಸ್ಲೆಕ್ಸಿಯಾ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಅದು ಇಂಗ್ಲಿಷಿನ ಕಾಯಿಲೆ, ಕನ್ನಡ ಬರೆದ ಹಾಗೆ ಓದೋ ಭಾಷೆ, ನಮಗೆಲ್ಲಿ ಬರುತ್ತೆ ಅನ್ನೋರು ಇದ್ದಾರೆ. ಕನ್ನಡದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ನಂಟು ನೇರವಾಗಿದೆ ನಿಜ. ಆದರೆ ಎಷ್ಟು ಆಕಾರ ಕಲೀಬೇಕು ಲೆಕ್ಕ ಹಾಕಿ. ವ್ಯಂಜನ, ಅದರ ಕಾಗುಣಿತ, ಆಮೇಲೆ ಒತ್ತಕ್ಷರ. ಇಂಗ್ಲಿಷ್‌ನಲ್ಲಿ 26 ಇದ್ದರೆ ನಮ್ಮಲ್ಲಿ ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಮಾಧ್ಯಮದ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸ್ತು: ಅಕ್ಷರ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯಲ್ಲ, ಮುಂದಿನ ತರಗತಿಗಳವರೆಗೂ ಎಳೆಯುತ್ತೆ. ಅಂದರೆ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪು ಬರೆದರೆ ಅದು ಸಹಜ. ನಾಲ್ಕು, ಐದನೇ ಕ್ಲಾಸಿಗೆ ಬಂದರೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರೆ, ದೀರ್ಘ ಬಿಟ್ಟುಹೋಗುತ್ತಿದ್ದರೆ, ಬ-ಭ, ದ-ಧ ಅದಲುಬದಲಾಗುತ್ತಿದ್ದರೆ, ಆದರೆ ಬಾಯಿಮಾತಲ್ಲಿ ಕೇಳಿದರೆ ಪಾಠವನ್ನೆಲ್ಲ ಚೆನ್ನಾಗಿ ಹೇಳಿದರೆ, ಆಗ ಅನುಮಾನ ಪಡಬೇಕು. ನಮ್ಮ ಶಾಲೆಗಳಲ್ಲಿ ಈ ಮಕ್ಕಳಿಗೆ ಒಂದೇ ಔಷಧಿ, ಅದೇ ಪಾಠವನ್ನು ಹತ್ತು ಸಲ ಬರೆಸೋದು. ಕುಂಟುವವನಿಗೆ ಹತ್ತು ರೌಂಡ್ ಓಡು ಅಂದಂಗೆ.

ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 8 ವರ್ಷ ಅಥವಾ 3ನೇ ತರಗತಿ ಹೊತ್ತಿಗೆ ಪರೀಕ್ಷೆ ಮಾಡ್ತಾರೆ. ಅದಿದ್ದರೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಬೇಕಾದರೆ ಬರೆಯೋಕೆ ಸಹಾಯಕರು ಸಿಗ್ತಾರೆ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ. ಎಸ್ಸೆಸ್ಸೆಲ್ಸಿ ಬೋರ್ಡಿನಲ್ಲೂ ರಿಯಾಯಿತಿಗಳಿವೆ, ಆದರೆ ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗಲ್ಲ. ಒಂಬತ್ತನೇ ಕ್ಲಾಸಿನಲ್ಲೇ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ಒಬ್ಬ ಹುಡುಗ ಹತ್ತನೇ ಕ್ಲಾಸ್ ಪಾಸಾಗೋದು, ಫೇಲಾಗಿ ಕ್ರಷರ್‌ಗೆ ಸೇರೋದು, ಎರಡರ ನಡುವೆ ಎಷ್ಟೋ ಸಲ ಆ ಒಂದು ಗಂಟೆ ಇರುತ್ತೆ.

ಎಷ್ಟು ಮಕ್ಕಳಿಗೆ ಇದೆಲ್ಲ ಇರುತ್ತೆ ಅಂತ ಕೇಳಬಹುದು. ದೇಶದ 5 ಕಡೆ 2ರಿಂದ 9 ವರ್ಷದ ಮಕ್ಕಳನ್ನು ನೋಡಿ 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ನರ ಬೆಳವಣಿಗೆಗೆ ಸಂಬಂಧಿಸಿದ ಯಾವುದಾದರೂ ಒಂದು ತೊಂದರೆ 100ಕ್ಕೆ ಸುಮಾರು 12 ಮಕ್ಕಳಲ್ಲಿ ಇದೆ ಅಂತು. ಮೂರ್ಛೆ, ಕಿವಿ, ಕಣ್ಣಿನ ತೊಂದರೆಗಳೂ ಆ ಲೆಕ್ಕದಲ್ಲಿವೆ. ಆದರೂ 40 ಮಕ್ಕಳ ಕ್ಲಾಸಿನಲ್ಲಿ ನಾಲ್ಕೈದು ಮಕ್ಕಳು. ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂರ್ತಿದ್ದವರನ್ನ ನೆನಪಿಸಿಕೊಳ್ಳಿ.

ಹಾಗಾದರೆ ಕಂಪ್ಲಿಯ ಆ ತಮ್ಮ 23 ವರ್ಷವಾದರೂ ಯಾರ ಕಣ್ಣಿಗೂ ಬೀಳಲಿಲ್ಲ ಯಾಕೆ? ಇದು ವಿಚಿತ್ರ, ಯಾಕಂದರೆ ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ದೇಶದ ಚರಿತ್ರೆಯಲ್ಲಿ ಹೆಸರಿದೆ. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು ಪ್ರಯೋಗಕ್ಕೆ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲ ಅದರಲ್ಲೇ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆ, ಮೂರ್ಛೆ, ಬೌದ್ಧಿಕ ಬೆಳವಣಿಗೆಯ ತೊಂದರೆಗಳನ್ನು ಅಲ್ಲೇ ಗುರುತಿಸೋದು. ಇದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರಾಯ್ತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ಆದರೆ ಆ ಪಟ್ಟಿಯಲ್ಲಿ ಆಟಿಸಂ, ಕಲಿಕಾ ನ್ಯೂನತೆ ಇರಲಿಲ್ಲ. ಕಾನೂನಿನಲ್ಲೂ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ವಿಧ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಬಂತು. 2016ರ ಹೊಸ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿತು, ಆಟಿಸಂ ಮತ್ತು ಕಲಿಕಾ ನ್ಯೂನತೆ ಎರಡೂ ಸೇರಿದವು. ಎಡಿಎಚ್‌ಡಿಗೆ ಅದರಲ್ಲಿ ಇನ್ನೂ ಪ್ರತ್ಯೇಕ ಜಾಗ ಇಲ್ಲ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಡಾಕ್ಟರ ತಂಡ ಬಂದು ಮಕ್ಕಳನ್ನು ನೋಡೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿದ್ದು 2013ರಲ್ಲಿ. ಅಷ್ಟರಲ್ಲಿ ಆ ಹುಡುಗ ಅಂಗನವಾಡಿ ದಾಟಿ ಆಗಿತ್ತು. ಅವರಪ್ಪ-ಅವ್ವ ಸೋಮಾರಿಗಳಾಗಿರಲಿಲ್ಲ. ತಟ್ಟೋಕೆ ಬಾಗಿಲೇ ಇರಲಿಲ್ಲ.

ಈಗಿನ ಮಕ್ಕಳಿಗೆ ಬಾಗಿಲಿದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಆ ತಂಡ ಬರಬೇಕು. ಕಬ್ಬು ಕಡಿಯೋಕೆ ಊರು ಬಿಟ್ಟು ಹೋಗೋ ತಾಂಡಾದ ಮಕ್ಕಳು ಆ ದಿನ ಊರಲ್ಲೇ ಇರಲ್ಲ ಅನ್ನೋದು ಬೇರೆ ಕಥೆ. ತಂಡ ಯಾವತ್ತು ಬರುತ್ತೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ.

ಯಾವ ಊರಿನವರು ಎಲ್ಲಿ ಹೋಗಬೇಕು ಅನ್ನೋದರಲ್ಲಿ ಜನ ಎಡವುತ್ತಾರೆ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಯ್ತು. ಹೊಸಪೇಟೆ, ಹಂಪಿಯವರ ಕಾಗದಪತ್ರಕ್ಕೆ ಈಗ ಹೊಸಪೇಟೆಯೇ ಜಿಲ್ಲಾ ಕೇಂದ್ರ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯವರಿಗೆ ಹೊಸಪೇಟೆ ಹತ್ತಿರ, ಆದರೆ ಅವರ ಜಿಲ್ಲಾಧಿಕಾರಿ ಇರೋದು ಬಳ್ಳಾರಿಯಲ್ಲಿ. ಚಿಕಿತ್ಸೆಗೆ ಯಾವ ಜಿಲ್ಲೆಗಾದರೂ ಹೋಗಬಹುದು. ನಾವೆಲ್ಲ ಈಗಲೂ ವಿಮ್ಸ್ ಅಂತಲೇ ಕರೆಯೋ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹೊಸಪೇಟೆಯಿಂದ ಸುಮಾರು 60 ಕಿ.ಮೀ. ಶಕ್ತಿ ಯೋಜನೆ ಬಂದ ಮೇಲೆ ಅವ್ವಂದಿರಿಗೆ ಬಸ್ ಚಾರ್ಜ್ ಉಳಿದಿದೆ, ದಿನದ ಕೂಲಿ ಉಳಿದಿಲ್ಲ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಹೆಚ್ಚಿನ ತಪಾಸಣೆಗೆ ನಿಮ್ಹಾನ್ಸ್. ಮೊದಲು ಫೋನಲ್ಲೇ ಯಾರ ಹತ್ತಿರನಾದರೂ ಮಾತಾಡಬೇಕು ಅಂದರೆ ಟೆಲಿ-ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಈಗ ನನ್ನ ಏರಿಯಾಗೆ ಬರ್ತೀನಿ, ದುಡ್ಡು. 'ಅಂಗವಿಕಲ ಸರ್ಟಿಫಿಕೇಟ್ ಮಾಡಿಸಿದ್ರೆ ಹುಡುಗನ ಹಣೆಬರಹ ಅಷ್ಟೇ, ತಂಗಿಗೂ ಗಂಡು ಸಿಗಲ್ಲ' ಅನ್ನೋ ಭಯ ನಮ್ಮ ಕಡೆ ಗಟ್ಟಿಯಾಗಿದೆ. ಆ ಭಯದ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಸರ್ಕಾರಿ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು. ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿ. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹು ಅಂಗವೈಕಲ್ಯ ಇರೋರಿಗೆ. ಆಟಿಸಂ ಇದ್ದರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸ್ವಲ್ಪ ಸೇರಿ. ಡಿಸ್ಲೆಕ್ಸಿಯಾಗೆ ಈ ವಿಮೆ ಇಲ್ಲ.

ಅಪ್ಪ ತೋರಣಗಲ್ಲಿನಲ್ಲಿ ಅಥವಾ ಮೈನ್ಸ್‌ನಲ್ಲಿ ಸಂಬಳದ ನೌಕರ, ಅಥವಾ ಅವ್ವ ಟೀಚರ್ ಅಂದುಕೊಳ್ಳಿ. ಆದಾಯ ತೆರಿಗೆ ಕಾನೂನಿನ ಅಡಿ 75,000 ರೂಪಾಯಿ, ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಶೇ. 20ರ ಸ್ಲ್ಯಾಬಿನವರಿಗೆ ವರ್ಷಕ್ಕೆ 15,000 ಅಥವಾ 25,000 ರೂಪಾಯಿ ತೆರಿಗೆ ಉಳಿತಾಯ. ಹಳೇ ತೆರಿಗೆ ಪದ್ಧತಿ ಆರಿಸಿಕೊಂಡರೆ ಮಾತ್ರ. ಆಟಿಸಂಗೆ ಇದನ್ನು ಕೇಳೋಕೆ ನಿಗದಿತ ಫಾರಂನಲ್ಲಿ ವೈದ್ಯಕೀಯ ಪ್ರಮಾಣಪತ್ರ ಬೇಕು. ಎಷ್ಟೋ ಜನ ಇದನ್ನ ಬಿಟ್ಟುಬಿಡ್ತಾರೆ, ಯಾಕಂದರೆ ಆಫೀಸಿನ ಅಕೌಂಟ್ಸ್‌ನವರಿಗೆ ಮಗನ ವಿಷಯ ಗೊತ್ತಾಗಬಾರದು. ನಾಚಿಕೆಗೆ ವರ್ಷಕ್ಕೆ 15,000 ರೂಪಾಯಿ ಕಂತು ಕಟ್ಟಿದಂಗಾಯ್ತು.

ಯುಡಿಐಡಿ ಕಾರ್ಡಿಗೆ ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಮನೆಯಲ್ಲಿ ಇದನ್ನ ಮಾಡೋರು ಅಪ್ಪ ಅಲ್ಲ, ಇದನ್ನು ಕೇಳ್ತಿರೋ ನೀವು. ಓಟಿಪಿ ಬರೋ ನಂಬರ್ ಬದಲಾಗದ ನಂಬರ್ ಆಗಿರಲಿ. ತಿಳಿಯದಿದ್ದರೆ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇದೇ ಅವರ ಕೆಲಸ.

ಇನ್ನು ಮದುವೆ. ಅಕ್ಕಾ, ನೀವು ಕೇಳಿದ್ದಕ್ಕೆ ನೇರ ಉತ್ತರ: ಮದುವೆ ಚಿಕಿತ್ಸೆ ಅಲ್ಲ. ಆಟಿಸಂ ಇರೋರು ಮದುವೆ ಆಗಲೇಬಾರದು ಅಂತಲೂ ಅಲ್ಲ. ಆಗಿ ಚೆನ್ನಾಗಿರೋರು ಇದ್ದಾರೆ. ಆದರೆ ಎರಡು ಪ್ರಶ್ನೆ ಇದೆ. ನಿಮ್ಮ ತಮ್ಮನನ್ನ ಯಾರಾದರೂ ಕೇಳಿದ್ದೀರಾ? ಬಾಯಲ್ಲಿ ಹೇಳೋಕೆ ಕಷ್ಟ ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ, ಎರಡು ದಿನ ಟೈಮ್ ಕೊಡಿ. ಮಾತು ಕಡಿಮೆ ಇರೋ ಎಷ್ಟೋ ಜನ ಬರವಣಿಗೆಯಲ್ಲಿ ಸಲೀಸು. ಎರಡನೇದು, ಆ ಹುಡುಗಿಗೆ ಎಲ್ಲ ಗೊತ್ತಾ? 'ಸ್ವಲ್ಪ ನಾಚಿಕೆ ಸ್ವಭಾವ' ಅಂತ ಹೇಳಿ ತಾಳಿ ಕಟ್ಟಿಸಿದರೆ ಆಕೆ ಬದುಕಿಗೆ ಮಾಡಿದ ಮೋಸ. ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸೋಕೆ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂನಲ್ಲಿ ಅವಕಾಶ ಇದೆ. ಕೋರ್ಟಿಗೆ ಹೋಗೋ ಹೊತ್ತಿಗೆ ಇಬ್ಬರೂ ಮುರಿದಿರ್ತಾರೆ. ಅಪ್ಪಗೆ ಕಾನೂನು ಹೇಳೋದಕ್ಕಿಂತ ಇದನ್ನ ಕೇಳಿ: ನಿಮ್ಮನ್ನೇ ಇಂಥ ಮನೆಗೆ ಏನೂ ಹೇಳದೆ ಕೊಟ್ಟಿದ್ದರೆ ಅವರು ಏನ್ ಮಾಡ್ತಿದ್ದರು ಅಂತ.

ಅಪ್ಪ ಮದುವೆಗೆ ಯಾಕೆ ಓಡಾಡ್ತಿದ್ದಾರೆ ಅನ್ನೋದೂ ನನಗೆ ಅರ್ಥ ಆಗುತ್ತೆ. 'ನಾವು ಹೋದ ಮೇಲೆ ಇವನನ್ನ ಯಾರು ನೋಡ್ಕೊಂತಾರ?' ಆ ಪ್ರಶ್ನೆಗೆ ಸೊಸೆ ಒಂದೇ ಉತ್ತರ ಅಂತ ಅಂದುಕೊಂಡಿದ್ದಾರೆ. ಬೇರೆ ದಾರಿ ಇದೆ. 18 ತುಂಬಿದ ಮೇಲೆ ಅಪ್ಪ-ಅವ್ವ ತಾವಾಗೇ ಕಾನೂನಿನ ಪೋಷಕರಾಗಿ ಮುಂದುವರಿಯಲ್ಲ. ನಿಜವಾಗಿ ಬೇಕಿದ್ದವರಿಗೆ ಪೋಷಕರನ್ನು ನೇಮಿಸೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಇದೆ, ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಡಿ. ತನ್ನ ಸಹಿ ತಾನೇ ಹಾಕೋ ಹುಡುಗನಿಗೆ ಇದು ಬೇಡವೇ ಬೇಡ. ಅವನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಸಿ, ಎಟಿಎಂ ಬಳಸೋದು ಕಲಿಸಿ. ಬಸ್ ಟೈಮಿಂಗ್ ಬಾಯಿಪಾಠ ಇರೋನಿಗೆ ಗೋಡೌನ್ ಸ್ಟಾಕ್ ಲೆಕ್ಕ, ಡೇಟಾ ಎಂಟ್ರಿ, ಪಾರ್ಸೆಲ್ ವಿಂಗಡಿಸೋ ಕೆಲಸ ಒಗ್ಗಬಹುದು. ಕೌಂಟರಿನಲ್ಲಿ ಗಿರಾಕಿ ಮಾತಾಡಿಸೋ ಕೆಲಸ ಒಗ್ಗದಿರಬಹುದು. ಕೆಲಸ ಕೊಡೋರಿಗೂ ದೊಡ್ಡ ಖರ್ಚೇನಿಲ್ಲ. ಬಾಯಲ್ಲಿ ಹೇಳೋ ಬದಲು ಚೀಟಿಯಲ್ಲಿ ಬರೆದುಕೊಡೋದು, ಸದ್ದು ಕಡಿಮೆ ಇರೋ ಕಡೆ ಕೂರಿಸೋದು, ಶಿಫ್ಟ್ ಬದಲಾದರೆ ಹಿಂದಿನ ದಿನವೇ ತಿಳಿಸೋದು.

ಇದೆಲ್ಲದರ ನಡುವೆ 'ಪೂರ್ತಿ ವಾಸಿ ಮಾಡ್ತೀವಿ' ಅನ್ನೋರು ಬರ್ತಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲೇ ಹೇಳಿದೆ. ಲಕ್ಷಗಟ್ಟಲೆ ಬಿಲ್ ಕೇಳಿದರೆ, ಹೊಲ ಅಡ ಇಡೋ ಮುಂಚೆ ಸರ್ಕಾರಿ ಮನೋವೈದ್ಯರನ್ನು ಒಮ್ಮೆ ಕೇಳಿ. ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನೋ ಮಾತಿಗೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಮೊಬೈಲ್ ಕೊಟ್ಟಿದ್ದಕ್ಕೇ ಬಂತು ಅಂತ ಅವ್ವನನ್ನು ಬೈಯೋದನ್ನೂ ನಿಲ್ಲಿಸಿ. ಚಿಕ್ಕ ಮಕ್ಕಳಿಗೆ ಮೊಬೈಲ್ ಕಡಿಮೆ ಮಾಡಬೇಕು ಸರಿ, ಆದರೆ ಆಟಿಸಂ ಹುಟ್ಟೋದಕ್ಕೆ ಬಹುಪಾಲು ಕಾರಣ ವಂಶವಾಹಿಗಳಲ್ಲಿದೆ.

ಆ ಮೊಬೈಲಿನಿಂದ ಒಂದು ಉಪಯೋಗ ಹೇಳ್ತೀನಿ. ಆಸ್ಪತ್ರೆಯ ಹತ್ತು ನಿಮಿಷದಲ್ಲಿ ಮಗು ಬೇರೆಯದೇ ಥರ ಇರುತ್ತೆ, ಒಂದೋ ಕಲ್ಲಿನಂತೆ ಕೂತಿರುತ್ತೆ, ಇಲ್ಲ ಬರೀ ಅಳುತ್ತೆ. ಅದಕ್ಕೆ ಮನೆಯಲ್ಲೇ ಎರಡೆರಡು ನಿಮಿಷದ ನಾಲ್ಕೈದು ವಿಡಿಯೋ ತೆಗೆದಿಟ್ಟುಕೊಳ್ಳಿ. ಊಟ ಮಾಡುವಾಗ, ಒಬ್ಬನೇ ಆಡುವಾಗ, ಬೇರೆ ಮಕ್ಕಳ ಜೊತೆ ಇರುವಾಗ, ಹೆಸರು ಹಿಡಿದು ಕರೆದಾಗ, ಓದುವಾಗ. ಮೊದಲ ಪದ ಯಾವಾಗ ಬಂತು, ನಡೆದಿದ್ದು ಯಾವಾಗ ಅಂತ ಅಜ್ಜಿಯನ್ನು ಕೇಳಿ ನೋಟ್ಸ್ ಆ್ಯಪ್‌ನಲ್ಲಿ ಬರೆದುಕೊಳ್ಳಿ. ತಾಯಿ ಕಾರ್ಡ್ ಫೋಟೋ ತೆಗೆದಿಡಿ. ದೊಡ್ಡವರಾಗಿದ್ದರೆ ಅವರ ಹಳೇ ನೋಟ್‌ಬುಕ್, ಮಾರ್ಕ್ಸ್ ಕಾರ್ಡ್ ಹುಡುಕಿ, ವಿಡಿಯೋ ತೆಗೆಯೋ ಮುಂಚೆ ಅವರನ್ನು ಕೇಳಿ. ಡಾಕ್ಟರಿಗೆ ತೋರಿಸಿ ಆದ ಮೇಲೆ ಆ ವಿಡಿಯೋ ನಿಮ್ಮ ಫೋನಲ್ಲೇ ಇರಲಿ. ಸ್ಟೇಟಸ್‌ಗೆ ಹಾಕಬೇಡಿ, ಫ್ಯಾಮಿಲಿ ಗ್ರೂಪಿಗೂ ಬೇಡ.